ಕರುವೇಲಂಕಾಡಿಗೆ ಎರಡು ಸಲ

ಬೆಂಗಳೂರು ವಿಜಯನಗರದ ನಮ್ಮ ಕರೆಂಟು ಆಫೀಸಿನ ಮುಂದಿನಿಂದ ಬಸ್ಸು ಹೊರಟಾಗ ಬೆಳಿಗ್ಗೆ ಐದೂವರೆ. ಹೊರಡಬೇಕಿದ್ದದ್ದು ನಾಲ್ಕಕ್ಕೆ. ಎಂಟು ಜನ ಲೈನ್‌ಮನ್‌ಗಳು, ಒಬ್ಬರು ಇಂಜಿನಿಯರ್, ಹಿಂದಿನ ಸೀಟುಗಳ ತುಂಬ ಹಗ್ಗ, ರಾಟೆ, ಹಾರೆ, ಎರಡು ಮೂಟೆ ಅಕ್ಕಿ. ತಮಿಳುನಾಡಿನ ಕರಾವಳಿಗೆ ಚಂಡಮಾರುತ ಬಡಿದು ನಾಲ್ಕು ದಿನವಾಗಿತ್ತು. ಅಲ್ಲಿಯವರ ಕೈ ಸಾಲದೆ ನೆರೆ ರಾಜ್ಯಗಳಿಂದ ಜನ ಕೇಳಿದ್ದರು. ಐವತ್ತಾರು ವರ್ಷದ, ಮಂಡಿನೋವಿನ ನನ್ನ ಹೆಸರನ್ನು ಪಟ್ಟಿಗೆ ಹಾಕಿದವರು ಯಾರೋ, ಇನ್ನೂ ಪತ್ತೆಯಾಗಿಲ್ಲ.

ಹೇರೋಹಳ್ಳಿಯ ಮನೆಯಿಂದ ಹೊರಡುವಾಗ ಹೆಂಡತಿ ಸುಧಾ ಬ್ಯಾಗಿಗೆ ಚಟ್ನಿಪುಡಿ ತುರುಕುತ್ತಾ, “ಆರ್‌ಪಿಸಿ ಲೇಔಟಲ್ಲಿ ಒಂದು ಫ್ಯೂಸ್ ಹಾಕಿ ಬಂದ್ರೇನೇ ಏದುಸಿರು ಬಿಡ್ತೀರ. ಅಲ್ಲಿ ಹೋಗಿ ಏನ್ ಕಡಿದು ಕಟ್ಟೆ ಹಾಕ್ತೀರ?” ಎಂದಿದ್ದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಕಾಲಿಗೆ ಚಪ್ಪಲಿ ಹಾಕಿಕೊಂಡು, ಗಮ್‌ಬೂಟನ್ನು ಪ್ಲಾಸ್ಟಿಕ್ ಕವರಿಗೆ ಸುತ್ತಿಕೊಂಡು ಹೊರಟೆ.

ಸೇಲಂನಲ್ಲಿ ಊಟವಾಯಿತು. ತಂಜಾವೂರು ದಾಟಿದ ಮೇಲೆ ಬಸ್ಸಿನೊಳಗೆ ಮಾತು ನಿಂತಿತು. ರಸ್ತೆಯ ಎರಡೂ ಬದಿ ತೆಂಗಿನಮರಗಳು ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿದ್ದವು. ಕಂಬಗಳು ಸೊಂಟದಲ್ಲಿ ಮುರಿದು, ತಂತಿ ಗದ್ದೆಯ ನೀರಿನಲ್ಲಿ ಬಿದ್ದಿತ್ತು. ನನ್ನ ಪಕ್ಕದಲ್ಲಿದ್ದ ರಂಗಸ್ವಾಮಿ ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆ ಕಂಬ ಹತ್ತಿದವನು. ಮೊದಲು ಕಂಬಗಳನ್ನು ಎಣಿಸುತ್ತಿದ್ದ, ಆಮೇಲೆ ಎಣಿಸುವುದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡ. ಸುಮಾರು ನಾನೂರೈವತ್ತು ಕಿಲೋಮೀಟರು ಕುಳಿತು, ವೇದಾರಣ್ಯದ ಈಚೆಗಿರುವ ಕರುವೇಲಂಕಾಡು ಎಂಬ ಊರು ತಲುಪಿದಾಗ ಕತ್ತಲಾಗಿತ್ತು. ಶಾಲೆಯ ಒಂದು ಕೋಣೆ ನಮ್ಮದಾಯಿತು. ಹೆಂಚು ಹಾರಿಹೋಗಿದ್ದ ಕಡೆ ನೀಲಿ ಟಾರ್ಪಾಲು ಕಟ್ಟಿದ್ದರು.

ಮೊದಲ ಎರಡು ದಿನ ಹನ್ನೊಂದು ಕಂಬ ನಿಲ್ಲಿಸಿದೆವು. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅದರಲ್ಲಿ ಏಳು ವಾಲಿದ್ದವು. ನಮ್ಮ ಕಡೆಯ ಕೆಂಪುಮಣ್ಣಿನಲ್ಲಿ ಐದಡಿ ಗುಂಡಿ ತೋಡಿ ಕಲ್ಲು ಜಡಿದರೆ ಕಂಬ ನಮ್ಮನ್ನೂ ಮೀರಿ ಬಾಳುತ್ತದೆ. ಇಲ್ಲಿ ಕೆಳಗೆ ಬರೀ ಮರಳು, ನೀರು. ಹಿಂದಿನ ದಿನವೇ ಒಬ್ಬ ಮನುಷ್ಯ ಬಂದು ಹೀಗೆ ನಿಲ್ಲುವುದಿಲ್ಲ ಎಂದು ಹೇಳಿದ್ದ. ಮೂವತ್ತು ವರ್ಷದ ಸರ್ವಿಸಿನ ನಾನು, ಹೋಗಯ್ಯಾ ಎಂಬಂತೆ ಕೈ ಆಡಿಸಿದ್ದೆ.

ಅವನು ಮುರುಗಯ್ಯನ್. ನಲವತ್ತು ದಾಟಿದವನು, ಒಣಕಲು ಮೈ, ತೆಂಗಿನಮರ ಹತ್ತುವುದು ಅವನ ಕಸುಬು. ಹತ್ತಲು ಈಗ ಊರಿನಲ್ಲಿ ಮರ ಉಳಿದಿರಲಿಲ್ಲ. ಬಿದ್ದ ಮರದ ಕಾಂಡವನ್ನು ತುಂಡು ಮಾಡಿ, ಗುಂಡಿಯ ತಳದಲ್ಲಿ ಅಡ್ಡ ಇಟ್ಟು, ಅದಕ್ಕೆ ಕಂಬವನ್ನು ಕಟ್ಟಿ ನಿಲ್ಲಿಸುವುದನ್ನು ಅವನೇ ತೋರಿಸಿಕೊಟ್ಟ. ಆ ಕಂಬಗಳು ಅಲ್ಲಾಡಲಿಲ್ಲ. ಅಂದಿನಿಂದ ನಮ್ಮ ಜೊತೆಯೇ ಇದ್ದ. ಹಗ್ಗ ಎಳೆದ, ತಂತಿ ಬಿಗಿದ, ಸಂಜೆ ತನ್ನ ಪಾಡಿಗೆ ತಾನು ಹೋದ. ತಮಿಳರೇ ಹೆಚ್ಚಿರುವ ಶ್ರೀರಾಂಪುರದ ಪಕ್ಕದಲ್ಲಿ ಬೆಳೆದ ನನಗೆ ತಮಿಳು ಬರುತ್ತಿದ್ದರಿಂದ ಅವನ ಮಾತೆಲ್ಲ ನನ್ನೊಂದಿಗೇ. ನೀನು ಹುಟ್ಟಾ ಲೈನ್‌ಮನ್ ಕಣಯ್ಯಾ ಎಂದು ಒಂದು ದಿನ ಹೊಗಳಿದೆ. ಹಾಗೆ ಹೊಗಳಬಾರದಿತ್ತು ಎಂದು ಈಗ ಅನಿಸುತ್ತದೆ.

ಏಳನೆಯ ದಿನ ಆ ಲೈನಿನ ಐದು ಊರುಗಳಿಗೂ ಕರೆಂಟು ಬಂತು. ನೀರಿನ ಮೋಟರು ಓಡಿತು, ಹೆಂಗಸರು ಕೊಡ ಹೊತ್ತು ದೂರ ನಡೆಯುವುದು ತಪ್ಪಿತು. ಉಳಿದದ್ದು ಕಾಲುವೆಯ ಆಚೆಗಿನ ಬೀದಿ, ಹದಿನಾಲ್ಕು ಮನೆ. ಮುರುಗಯ್ಯನ್ ಮನೆ ಅದರ ಕೊನೆಯದು. ಅವನು ಬಾಯಿಬಿಟ್ಟು ಒಂದು ದಿನವೂ ಕೇಳಲಿಲ್ಲ. ಇಂಜಿನಿಯರ್ ಒಂಬತ್ತನೆಯ ದಿನ ಬೇರೆ ತಂಡದ ಜೀಪಿನಲ್ಲಿ ಬೆಂಗಳೂರಿಗೆ ವಾಪಸಾದರು. ನಮಗೆ ಮಾರನೆಯ ದಿನ ಮಧ್ಯಾಹ್ನ ಒಂದಕ್ಕೆ ಬಸ್ಸು. ಬೆಳಿಗ್ಗೆ ಆರಕ್ಕೇ ಶುರುಮಾಡಿ ಆ ಬೀದಿ ಮುಗಿಸಿಯೇ ಹೋಗೋಣ ಎಂದೆ. ಮೈಯೆಲ್ಲ ನೋಯುತ್ತಿದ್ದ ಎಂಟು ಜನರಲ್ಲಿ ಒಬ್ಬನೂ ಬೇಡ ಎನ್ನಲಿಲ್ಲ.

ಇಲ್ಲಿ ಎರಡು ಸಂಗತಿ ಹೇಳಬೇಕು. ಲೈನಿನ ಮೇಲೆ ಕೆಲಸ ಮಾಡುವ ಮುಂಚೆ ನಾವು ಸಬ್‌ಸ್ಟೇಷನ್ನಿನಲ್ಲಿ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತೇವೆ. ಎಂದರೆ ಕರೆಂಟು ನಿಲ್ಲಿಸಿ, ನಾನು ಹೇಳುವ ತನಕ ಬಿಡಬೇಡಿ ಎಂದು ಪುಸ್ತಕದಲ್ಲಿ ಸಹಿ ಹಾಕುವುದು. ಸಹಿ ಹಾಕಿದವನೇ ಬಂದು ಅದನ್ನು ವಾಪಸ್ ಕೊಡಬೇಕು. ಇನ್ನೊಂದು, ನಮ್ಮ ತಂಡದ ಚಪ್ಪಲಿ ಲೆಕ್ಕ. ಬಹಳ ಹಿಂದೆ ಕೆಂಗೇರಿ ಕಡೆ ನಂಜಪ್ಪ ಎಂಬ ನಮ್ಮವನು ಕಂಬದ ಮೇಲಿದ್ದಾಗಲೇ ಬೇರೊಬ್ಬ ಅವಸರದಲ್ಲಿ ಲೈನ್ ಕ್ಲಿಯರ್ ವಾಪಸ್ ಕೊಟ್ಟುಬಿಟ್ಟಿದ್ದ. ನಂಜಪ್ಪನನ್ನು ಕೆಳಗಿಳಿಸಿದವರಲ್ಲಿ ನಾನೂ ಒಬ್ಬ. ಅಂದಿನಿಂದ ಹತ್ತುವವನು ಕಂಬದ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಬೇಕು, ಇಳಿದವನು ಹಾಕಿಕೊಂಡು ನನ್ನ ಮುಂದೆ ಬಂದು ನಿಲ್ಲಬೇಕು. ಅಷ್ಟೂ ಜೊತೆ ಕಾಲಲ್ಲಿ ಇದ್ದರೆ ಅಷ್ಟೂ ಜನ ನೆಲದ ಮೇಲೆ ಇದ್ದಾರೆ.

ನಮ್ಮಲ್ಲಿ ಈಚಿನ ವರ್ಷಗಳಲ್ಲಿ ಆ ಪುಸ್ತಕದ ಸಹಿ ಇಂಜಿನಿಯರ್ ಕೆಲಸ. ಅವರಿಲ್ಲದ್ದರಿಂದ ಅಂದು ಬೆಳಿಗ್ಗೆ ನಾನೇ ನಾಲ್ಕು ಕಿಲೋಮೀಟರು ಹೋಗಿ ಸಹಿ ಹಾಕಿ ಬಂದೆ. ಹನ್ನೆರಡೂಮುಕ್ಕಾಲಿಗೆ ಕೊನೆಯ ಎರಡು ಮನೆಗಳ ವೈರು ಮಾತ್ರ ಬಾಕಿ. ಬಸ್ಸಿನ ಡ್ರೈವರ್ ಹಾರನ್ ಒತ್ತುತ್ತಲೇ ಇದ್ದ. ಅಲ್ಲಿಯ ಲೈನ್‌ಮನ್ ನಾಳೆ ಬಂದು ಎಳೆಯುತ್ತಾನೆ ಎಂದು ಹೇಳಿ, ವೈರಿನ ಸುರುಳಿಯನ್ನು ಕಂಬದ ಬುಡದಲ್ಲಿಟ್ಟೆ. ಎಂಟು ಜೊತೆ ಚಪ್ಪಲಿ ಎಣಿಸಿದೆ. ಊರಿನವರು ಎಲೆಯ ಮೇಲೆ ಅನ್ನ, ರಸಂ, ಹಪ್ಪಳ ಬಡಿಸಿದರು. ಒಂದೂವರೆಗೆ ಬಸ್ಸು ಹತ್ತಿ ಹೆಣದಂತೆ ನಿದ್ದೆ ಹೋದೆ.

ಮನ್ನಾರ್‌ಗುಡಿಯಲ್ಲಿ ಟೀಗೆ ನಿಲ್ಲಿಸಿದಾಗ ಮೂರೂವರೆ. ರಂಗಸ್ವಾಮಿ ಟೀ ಲೋಟ ಕೈಗೆ ಕೊಡುತ್ತಾ, “ಶಿವಣ್ಣ, ಲೈನ್ ಕ್ಲಿಯರ್ ಯಾವಾಗ ವಾಪಸ್ ಕೊಟ್ಟೆ?” ಎಂದ.

ಕೊಟ್ಟಿರಲಿಲ್ಲ. ಐದು ಊರು ನನ್ನ ಒಂದು ಸಹಿಗಾಗಿ ಬೆಳಿಗ್ಗೆಯಿಂದ ಕರೆಂಟಿಲ್ಲದೆ ಕೂತಿದ್ದವು. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಪುಸ್ತಕ ಮುಂದಿಟ್ಟಿದ್ದ ಆಪರೇಟರ್ ಹೆಂಗಸು, ಸೆಲ್ವಿ, ಇನ್ನೂ ಡ್ಯೂಟಿಯಲ್ಲೇ ಇದ್ದಳು. ಚಂಡಮಾರುತ ಬಂದಾಗಿನಿಂದ ಸರಿಯಾಗಿ ಮನೆ ಕಂಡಿರದವಳ ದನಿ. ನಮ್ಮ ಕೆಲಸ ಮುಗಿದಿದೆ, ನಮ್ಮ ಜನ ಪೂರ್ತಿ ಬಸ್ಸಿನಲ್ಲಿ ನನ್ನ ಕಣ್ಣ ಮುಂದೆಯೇ ಇದ್ದಾರೆ, ಕರೆಂಟು ಬಿಟ್ಟುಬಿಡಮ್ಮಾ ಎಂದೆ. ಫೋನಿನಲ್ಲಿ ಆಗುವುದಿಲ್ಲ, ಸಹಿ ಹಾಕಿದವರು ಬರಲಿ ಎಂದಳು. ಊರಿನವರು ಬಂದು ಬಾಗಿಲಲ್ಲಿ ಕೂಗಾಡುತ್ತಿದ್ದಾರೆ, ಆದರೂ ಆಗುವುದಿಲ್ಲ ಎಂದಳು. ಇನ್ನೂ ಎರಡು ಸಲ ಕೇಳಿದೆ. ಕೊನೆಗೆ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವಳು ಫೋನ್ ಇಟ್ಟಳು.

“ಅವಳಿಗೇನ್ ತಲೆ ಕೆಟ್ಟಿದ್ಯಾ?” ಎಂದೆ ರಂಗಸ್ವಾಮಿಗೆ.

“ನೀನೇ ಕಲಿಸಿದ್ದಲ್ವಾ ಇದು ನಮಗೆ,” ಎಂದ ಅವನು, ನನ್ನ ಮುಖ ನೋಡದೆ.

ಬ್ಯಾಗು ತೆಗೆದುಕೊಂಡು ಇಳಿದೆ. ಬಸ್ಸು ಅವರನ್ನು ಕರೆದುಕೊಂಡು ಬೆಂಗಳೂರಿನ ಕಡೆ ಹೋಯಿತು. ನಾನು ತಿರುತ್ತುರೈಪೂಂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಹಿಡಿದು, ಬಾಗಿಲ ಬಳಿ ಒಂದೇ ಕಾಲಿನಲ್ಲಿ ನಿಂತು, ದಾರಿಯುದ್ದಕ್ಕೂ ಆ ಹೆಂಗಸನ್ನು ಬೈದುಕೊಂಡೆ. ನನ್ನನ್ನು ಬೈದುಕೊಳ್ಳುವುದಕ್ಕೆ ಧೈರ್ಯವಿರಲಿಲ್ಲ.

ಸಬ್‌ಸ್ಟೇಷನ್ ತಲುಪಿದಾಗ ಐದೂಮುಕ್ಕಾಲು. ಬಾಗಿಲಲ್ಲಿ ಹತ್ತಿಪ್ಪತ್ತು ಜನ ನಿಂತಿದ್ದರು. ಸೆಲ್ವಿ ಪುಸ್ತಕ ತೆರೆದು, ನನ್ನ ಹೆಸರಿನ ಮುಂದಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ನಾನು ಪೆನ್ನು ತೆಗೆದೆ. ಆಗ ಅವಳು ತಮಿಳಿನಲ್ಲಿ, ದನಿ ಏರಿಸದೆ ಕೇಳಿದಳು.

“ಲೈನು ನೋಡ್ಕೊಂಡು ಬಂದ್ರಾ?”

ನೇರ ಬಸ್‌ಸ್ಟ್ಯಾಂಡಿನಿಂದ ಬಂದಿದ್ದೆ. ಎಣಿಸಿದ್ದೇನಮ್ಮಾ ಎಂದೆ. ಎಣಿಸಿ ಎಷ್ಟು ಹೊತ್ತಾಯಿತು ಎಂದಳು. ಐದು ಗಂಟೆಗಳೇ ಕಳೆದಿದ್ದವು. ಅವಳು ಪುಸ್ತಕ ಮುಚ್ಚಿ, ವಾಚ್‌ಮನ್‌ನ ಮೊಪೆಡ್ಡಿನ ಬೀಗದಕೈ ಮೇಜಿನ ಮೇಲಿಟ್ಟಳು. ಹೊರಗಿನ ಜನ ನನ್ನನ್ನು ನೋಡಿದ ನೋಟ ಇರಲಿ, ಆಗ ನನಗೇ ಅಳು ಬರುವಷ್ಟು ಸುಸ್ತಾಗಿತ್ತು.

ಶಾಲೆ ದಾಟಿದೆ, ಕಾಲುವೆ ದಾಟಿದೆ. ಕಂಬಗಳ ಬುಡ ನೋಡಿಕೊಂಡು ಹೋದೆ, ಎಲ್ಲೂ ಏನೂ ಇರಲಿಲ್ಲ. ಕೊನೆಯ ಕಂಬದ ಬುಡದಲ್ಲೂ ಚಪ್ಪಲಿ ಇರಲಿಲ್ಲ. ಮೊಪೆಡ್ಡು ತಿರುಗಿಸಿಕೊಂಡೆ. ಬುಡದಲ್ಲಿ ನಾನಿಟ್ಟಿದ್ದ ವೈರಿನ ಸುರುಳಿಯೂ ಇರಲಿಲ್ಲ ಎನ್ನುವುದು ಆಗ ಹೊಳೆಯಿತು. ತಲೆ ಎತ್ತಿದೆ.

ಮುರುಗಯ್ಯನ್ ಮೇಲಿದ್ದ. ಎರಡೂ ಕಾಲಿನಿಂದ ಕಂಬವನ್ನು ತೆಂಗಿನಮರದಂತೆ ತಬ್ಬಿ, ಬರಿಗೈಯಲ್ಲಿ ತಂತಿಗೆ ವೈರು ಸುತ್ತುತ್ತಿದ್ದ. ನನ್ನನ್ನು ನೋಡಿ ನಕ್ಕ.

ಅವನು ಹುಟ್ಟಿದಾಗಿನಿಂದ ಬರಿಗಾಲಿನವನು. ಎಂಟು ದಿನ ನಮ್ಮ ಜೊತೆ ದುಡಿದವನು ನನ್ನ ಲೆಕ್ಕದಲ್ಲಿ ಒಂದು ಸಲವೂ ಬಂದಿರಲಿಲ್ಲ.

ಇಳಿ ಎಂದು ಕೈಸನ್ನೆ ಮಾಡಿದೆ. ಅವನು ಇಳಿದು ಬಂದಾಗ ನಾನು ಮರಳಿನ ಮೇಲೆ ಕುಳಿತುಬಿಟ್ಟಿದ್ದೆ. ಯಾವಾಗಿನಿಂದ ಹತ್ತಿದ್ದೀ ಎಂದು ಕೇಳಿದೆ. ನಿಮ್ಮ ಬಸ್ಸು ಹೋದಾಗಿನಿಂದ, ಪಕ್ಕದ ಮನೆಯದು ಆಯಿತು, ನನ್ನದು ಈಗ ಮುಗಿಯಿತು ಎಂದ. ನಾನು ಮನ್ನಾರ್‌ಗುಡಿಯಲ್ಲಿ ನಿಂತು ಕರೆಂಟು ಬಿಡು ಬಿಡು ಎಂದು ಜಗಳವಾಡುತ್ತಿದ್ದಾಗ ಇವನ ಕೈ ತಂತಿಯ ಮೇಲಿತ್ತು. ನಡುವೆ ಕರೆಂಟು ಬಂದಿದ್ದರೆ ಏನು ಮಾಡುತ್ತಿದ್ದೆಯೋ ಎಂದು ರೇಗಿದೆ.

“ನೀವು ಹೇಳ್ದೆ ಬರಲ್ವಲ್ಲ ಸಾರ್,” ಎಂದ. “ಅದಕ್ಕೇ ಹತ್ತಿದೆ.”

ನಾಚಿಕೆಯಾಯಿತು. ಅವನ ಹೆಂಡತಿ ಸ್ಟೀಲ್ ಚೊಂಬಿನಲ್ಲಿ ನೀರು ತಂದುಕೊಟ್ಟಳು, ಒಂದೇ ಗುಟುಕಿಗೆ ಕುಡಿದೆ. ಎದ್ದು ನನ್ನ ಚಪ್ಪಲಿ ಬಿಚ್ಚಿ ಅವನ ಮುಂದಿಟ್ಟೆ. ಹಾಕಿಕೊಳ್ಳಬೇಕಾಗಿಲ್ಲ, ಆದರೆ ಇನ್ನು ಮೇಲೆ ಯಾವ ಕಂಬ ಹತ್ತಿದರೂ ಇದನ್ನು ಬುಡದಲ್ಲಿ ಬಿಟ್ಟೇ ಹತ್ತಬೇಕು ಎಂದೆ. ಅವನು ಅದನ್ನು ಕೈಯಲ್ಲಿ ಎತ್ತಿಕೊಂಡು, ನನ್ನ ಜೊತೆ ಕಂಬದಿಂದ ಕಂಬಕ್ಕೆ ನಡೆದ. ಈ ಸಲ ಒಂದೊಂದರ ಕೆಳಗೂ ನಿಂತು ಇಬ್ಬರೂ ತಲೆ ಎತ್ತಿ ನೋಡಿದೆವು.

ಏಳಕ್ಕೆ ಹತ್ತು ನಿಮಿಷ ಇರುವಾಗ ಸಹಿ ಹಾಕಿದೆ. ಏನು ಕಂಡೆ ಎಂದು ಸೆಲ್ವಿಗೆ ಹೇಳಿದೆ. ಫೋನಿನಲ್ಲಿ ಆಡಿದ ಮಾತಿಗೆ ಕ್ಷಮಿಸಮ್ಮಾ ಎಂದೂ ಹೇಳಿದೆ. ಅವಳು ತಲೆಯಾಡಿಸಿ ಸ್ವಿಚ್ಚು ಹಾಕಿದಳು. ಮೀಟರಿನ ಮುಳ್ಳು ಮೇಲೆ ಏರಿ ನಿಂತಿತು, ಹೊರಗಿದ್ದವರು ಮನೆಗೆ ಹೊರಟರು. ಮುರುಗಯ್ಯನ್ ಮನೆಯ ದೀಪವನ್ನು ನಾನು ಕಾಣಲಿಲ್ಲ. ತಂಜಾವೂರಿಗೆ ಕೊನೆಯ ಬಸ್ಸು ಬಂದುಬಿಟ್ಟಿತ್ತು.

ರಾತ್ರಿಯೆಲ್ಲ ಕುಳಿತು ಬೆಂಗಳೂರು ತಲುಪಿ, ಮೆಟ್ರೋದಲ್ಲಿ ಗಮ್‌ಬೂಟು ಹಾಕಿಕೊಂಡು ವಿಜಯನಗರಕ್ಕೆ ಬಂದೆ. ಎದುರಿಗೆ ಕುಳಿತಿದ್ದ ಹುಡುಗಿಯರು ಬೂಟು ನೋಡಿ ನಕ್ಕರು, ನಗಲಿ. ಹೇರೋಹಳ್ಳಿಯ ರಸ್ತೆಯ ಗುಂಡಿಗಳನ್ನು ದಾಟಿ ಮನೆಯ ಮೆಟ್ಟಿಲ ಮೇಲೆ ಕುಳಿತು ಬೂಟು ಎಳೆಯುತ್ತಿದ್ದಾಗ ಸುಧಾ ಹೊರಗೆ ಬಂದಳು. ಕೊಂಡು ಇನ್ನೂ ಒಂದು ತಿಂಗಳು ಆಗದ ಹೊಸ ಚಪ್ಪಲಿ ಅದು.

“ಚಪ್ಪಲಿ ಎಲ್ರೀ?”

“ನಮ್ಮೋನೊಬ್ಬ ಮೇಲಿದ್ದ ಕಣೇ,” ಎಂದೆ. “ಎಣಿಸೋಕೆ ಮರೆತಿದ್ದೆ. ಅವನಿಗೆ ಕೊಟ್ಟು ಬಂದೆ.”