ಮಣ್ಣೂರಿನ ಗಗನಸಖಿ

ಎಂಬತ್ತರ ದಶಕದಲ್ಲಿ ನನ್ನ ನೌಕರಿ ಇಷ್ಟೇ: ವೃತ್ತಿ ಮಾರ್ಗದರ್ಶನ ಶಿಬಿರ ಮುಗಿದ ಕೆಲವು ತಿಂಗಳಿಗೆ ಹುಡುಗ ಹುಡುಗಿಯರ ಮನೆಗೆ ಹೋಗಿ, ಯಾರಿಗೆ ಉದ್ಯೋಗ ಸಿಕ್ಕಿತು ಎಂದು ವಿಚಾರಿಸುವುದು. ಶಿಬಿರಕ್ಕೆ ಜೀಪಿನಲ್ಲಿ ಬಂದು ಭಾಷಣ ಮಾಡುತ್ತಿದ್ದ ಸಾಹೇಬರಿಗೆ ಸಣ್ಣ ಕೆಲಸದ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಜೇವರ್ಗಿಯಲ್ಲಿ ಭೀಮಾ ಹೊಳೆ ಬಿಟ್ಟು ಬೇರೆ ನೀರು ಕಾಣದ ಹುಡುಗನಿಗೆ ಹಡಗಿನ ಕ್ಯಾಪ್ಟನ್ ಆಗು ಎಂದಿದ್ದರು. ಮಣ್ಣೂರಿನಲ್ಲಿ ಮಹಾದೇವಿ ಎಂಬ ಹುಡುಗಿ ಎದ್ದು ನಿಂತು, ಶಿಕ್ಷಕರ ತರಬೇತಿಯ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಸಾಹೇಬರು ನಕ್ಕು, "ಅಷ್ಟಕ್ಕೇ ತೃಪ್ತಿಪಟ್ಟರೆ ಹೇಗಮ್ಮ? ಗಗನಸಖಿ ಆಗು" ಎಂದು ಕೂರಿಸಿದರು. ಅರ್ಜಿ ಎಲ್ಲಿ ಸಿಗುತ್ತದೆಂದು ಹೇಳಲಿಲ್ಲ. ಅವರಿಗೆ ಗೊತ್ತಿದ್ದರೆ ತಾನೆ.

ನಾನು ಹೋದಾಗ ಮಹಾದೇವಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು.

"ಶಿಬಿರದಿಂದ ಏನರ ಅನುಕೂಲ ಆತೇನು ತಂಗಿ?" ಎಂದೆ.

"ಆತಲ್ರೀ. ಊರ ಮಂದಿಗಿ ನನ್ನ ಕರ್ಯಾಕ ಹೊಸಾ ಹೆಸರು ಸಿಕ್ತು. ನೀರಿಗಿ ಹೋದ್ರ, ಗಗನಸಖಿ ಬಂದ್ಳು ನೋಡ್ರಿ ಅಂತಾರ."

"ಮತ್ತ ಆ ತರಬೇತಿ?"

"ಅರ್ಜಿ ಎಲ್ಲಿ ಸಿಗ್ತದಂತ ಹುಡುಕೂದ್ರಾಗ ತಾರೀಖು ಮುಗದು ಹೋತ್ರಿ."

ಇಷ್ಟು ಕೇಳಿಯೂ ನನ್ನ ನೌಕರಿ ನನ್ನನ್ನು ಬಿಡಲಿಲ್ಲ. "ಹಂಗಾದ್ರ ಸದ್ಯ ಉದ್ಯೋಗ ಏನೂ ಇಲ್ಲ?" ಎಂದೆ.

ಅವಳು ಮೊರ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರಿ?"

ಇರಲಿಲ್ಲ. ಆ ಶಿಬಿರಗಳಿಂದ ಉದ್ಯೋಗ ಸಿಕ್ಕಿದ್ದು ಇಬ್ಬರಿಗೇ: ಭಾಷಣ ಮಾಡಲು ಸಾಹೇಬರಿಗೆ, ವಿಚಾರಿಸಲು ನನಗೆ.