ರುದ್ರಣ್ಣನನ್ನು ಎಕ್ಸ್‌ಟ್ರಾ ಮಾಡಿದ್ದು

ತೂತು ತೂತಾದ ಪ್ಲಾಸ್ಟಿಕ್ ಚೆಂಡು ಹಲಗೆಯಂಥ ಬ್ಯಾಟಿಗೆ ಬಡಿದರೆ ಟೊಕ್ ಎಂದು ಒಂದು ಸದ್ದಾಗುತ್ತದೆ. ಇಂಪಾದ ಸದ್ದೇನಲ್ಲ. ಬಾಗಿಲು ತಟ್ಟಿ ಓಡಿಹೋಗುವ ಪಕ್ಕದ ಮನೆಯ ಮಕ್ಕಳು ಮಾಡುವಂಥದ್ದು. ಆದರೂ ಬೆಳಿಗ್ಗೆ ಆರಕ್ಕೆ ಅದು ಕಿವಿಗೆ ಬೀಳದಿದ್ದರೆ ಈಗ ನನಗೆ ತಿಂಡಿ ರುಚಿಸುವುದಿಲ್ಲ. ಈ ಆಟಕ್ಕೆ ಪಿಕಲ್‌ಬಾಲ್ ಅಂತಾರೆ. ಟೆನಿಸ್ಸಿನ ತಮ್ಮ, ಟೇಬಲ್ ಟೆನಿಸ್ಸಿನ ಅಣ್ಣ ಎಂದುಕೊಳ್ಳಿ. ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. ಅರವತ್ತೈದು ವರ್ಷ ನನಗೂ ಗೊತ್ತಿರಲಿಲ್ಲ, ಅದರಿಂದ ಏನೂ ಕಡಿಮೆಯಾಗಿರಲಿಲ್ಲ.

ನಾವು ಆಡುವ ಜಾಗ ನನ್ನದೇ, ಪೀಣ್ಯದ ಒಳರಸ್ತೆಯಲ್ಲಿರುವ ನನ್ನ ಶೆಡ್ಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಸ್ವಂತ ಶೆಡ್ ಕಟ್ಟಿದೆ ಎಂದು ಮದುವೆ, ನಾಮಕರಣ ಎನ್ನದೆ ಎಲ್ಲ ಕಡೆ ಹೇಳಿಕೊಂಡು ಬಂದವನು ನಾನು. ಈಗ ನಿಮಗೂ ಹೇಳಿಬಿಟ್ಟೆ. ಕಬ್ಬಿಣ ಕಡೆಯುವ ಮೂರು ಲೇತುಗಳು ಓಡುತ್ತಿದ್ದ ನೆಲಕ್ಕೆ, ಶೆಡ್ ಬಾಡಿಗೆಗೆ ಹಿಡಿದ ಹುಡುಗರು ನೀಲಿ ಬಣ್ಣ ಬಳಿದು, ಬಿಳಿ ಗೆರೆ ಎಳೆದು, ನಡುವೆ ನೆಟ್ ಕಟ್ಟಿದ್ದಾರೆ. ಕೆಲಸದ ಹೊತ್ತಿನಲ್ಲಿ ಶಿಳ್ಳೆ ಹಾಕಿದವನನ್ನೂ ಬಿಡದೆ ಬೈಯುತ್ತಿದ್ದ ನಾನು ಅದೇ ನೆಲದ ಮೇಲೆ ಚಡ್ಡಿ ಹಾಕಿಕೊಂಡು ಚೆಂಡಿನ ಹಿಂದೆ ಓಡುತ್ತೇನೆ. ನೆಟ್ಟಿನ ಹತ್ತಿರದ ಏಳು ಅಡಿ ಜಾಗಕ್ಕೆ ಈ ಆಟದಲ್ಲಿ ಕಿಚನ್ ಅನ್ನುತ್ತಾರೆ. ಅದರೊಳಗೆ ಕಾಲಿಟ್ಟು, ಗಾಳಿಯಲ್ಲಿರುವ ಚೆಂಡನ್ನು ಹೊಡೆಯುವಂತಿಲ್ಲ. ಇದನ್ನು ಮನೆಯಲ್ಲಿ ವಿವರಿಸಿದಾಗ ನನ್ನ ಹೆಂಡತಿ, "ಅಡುಗೆಮನೆಗೆ ಕಾಲಿಡಬಾರ್ದಾ? ನಿಮಗೇ ಹೇಳಿ ಮಾಡಿಸಿದ್ದು ಕಣ್ರೀ," ಎಂದಳು.

ಮೊನ್ನೆ ನಡೆದದ್ದು ಇಷ್ಟು. ಭಾನುವಾರ ಪಕ್ಕದ ಬಡಾವಣೆಯವರ ಜೊತೆ ನಮ್ಮದೊಂದು ಪಂದ್ಯ. ಜಾಗದ ಯಜಮಾನ ಎಂಬ ಮರ್ಯಾದೆಗೆ ಜೋಡಿಗಳನ್ನು ಬರೆಯುವ ಕೆಲಸ ನನಗೆ ಬಂತು. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೆ. ಕೋರ್ಟ್ ನಡೆಸುವ ಕಾರ್ತಿಕ್ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಂಕಲ್, ಮೇಷ್ಟ್ರನ್ನ ಎಕ್ಸ್‌ಟ್ರಾ ಹಾಕ್ಬಿಡಿ. ಪಾಪ, ಓಡಕ್ಕಾಗಲ್ಲ," ಎಂದ. ಮೇಷ್ಟ್ರು ಎಂದರೆ ನಾಗರಾಜ ಮೇಷ್ಟ್ರು, ಎಪ್ಪತ್ತನಾಲ್ಕು ವರ್ಷದ ರಿಟೈರ್ಡ್ ಲೆಕ್ಕದ ಮೇಷ್ಟ್ರು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಕ್ಸ್‌ಟ್ರಾ ಎಂಬ ಮಾತು ಕೇಳಿ ನನ್ನ ಕೈ ನಿಂತಿತು. ಆ ಮಾತನ್ನು ನಾನು ಒಂದು ಸಲ ನನ್ನ ಕೈಯಾರೆ, ಕಾರ್ಬನ್ ಇಟ್ಟು ಎರಡು ಪ್ರತಿಯಲ್ಲಿ, ಒಬ್ಬ ಮನುಷ್ಯನ ಹೆಸರಿನ ಮುಂದೆ ಬರೆದಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಪೀಣ್ಯದಲ್ಲಿ ಆಗ ಎರಡು ಫ್ಯಾಕ್ಟರಿಗೊಂದು ಖಾಲಿ ಸೈಟು, ಸೈಟಿನ ತುಂಬ ಲಂಟಾನ. ನಾನು ಪಂಪಿನ ಶಾಫ್ಟ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ಲೇತ್ ನಡೆಸುವ ಟರ್ನರ್. ಇಪ್ಪತ್ತಾರು ವರ್ಷ, ತೆಳ್ಳಗಿನ ಮೀಸೆ, ಜೇಬಿನಲ್ಲಿ ಅಳತೆಗೆ ಸ್ವಂತ ವರ್ನಿಯರ್. ಆ ವರ್ನಿಯರ್ ಇದ್ದದ್ದಕ್ಕೆ ನನಗಿದ್ದ ಜಂಬ ಇವತ್ತು ಕಾರು ಇಟ್ಟುಕೊಂಡವರಿಗೂ ಇರಲಿಕ್ಕಿಲ್ಲ. ಫ್ಯಾಕ್ಟರಿಯ ಹಿಂದೆ ಕೆಮ್ಮಣ್ಣಿನ ಒಂದು ಬಾಲ್ ಬ್ಯಾಡ್ಮಿಂಟನ್ ಕೋರ್ಟಿತ್ತು. ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದೈದು ಜನ. ಮೊದಲ ಪಾಳಿ ಬಿಟ್ಟ ಮೇಲೆ ಕತ್ತಲಾಗುವವರೆಗೂ ಆಡುತ್ತಿದ್ದೆವು. ನಾನೇ ಕ್ಯಾಪ್ಟನ್ನು. ಯಾರು ಮಾಡಿದರು ಅಂತ ಕೇಳಬೇಡಿ. ಜೋರಾಗಿ ಮಾತಾಡುವವನು ಒಬ್ಬ ಬೇಕಾಗಿತ್ತು, ನಾನಿದ್ದೆ.

ನಡುವಿನ ಜಾಗದಲ್ಲಿ ನಿಲ್ಲುತ್ತಿದ್ದವನು ರುದ್ರಣ್ಣ. ಗ್ರೈಂಡಿಂಗ್ ಸೆಕ್ಷನ್ನಿನವನು, ಇಲ್ಲಿಗೆ ಬರುವ ಮೊದಲೂ ಬೇರೆ ಫ್ಯಾಕ್ಟರಿಯಲ್ಲಿ ದುಡಿದವನು, ದಾಸರಹಳ್ಳಿಯ ಹಳೇ ಮನೆತನದವನು. ಕೋರ್ಟಿನ ಗೆರೆ ತೋರಿಸಿ, "ಇಲ್ಲೇ ಕಣೋ ನಮ್ಮ ವಲದ ಬದು ಇದ್ದಿದ್ದು," ಅನ್ನುತ್ತಿದ್ದ. ರಿಟೈರಾಗಲು ಒಂದು ತಿಂಗಳು ಬಾಕಿ ಇತ್ತು. ಅವನು ಆಡುವುದನ್ನು ನೋಡಿದರೆ ಸೋಮಾರಿ ಅನ್ನಿಸುತ್ತಿತ್ತು. ಹೆಚ್ಚು ಕದಲುತ್ತಲೇ ಇರಲಿಲ್ಲ. ಆದರೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿಗೆ ಮೊದಲೇ ಬಂದು, ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಎದುರಿನವರು ಏದುಸಿರು ಬಿಡುತ್ತಿದ್ದರೆ, "ಯಾಕ್ರಪ್ಪಾ ಅಂಗೆ ಓಡ್ತೀರಾ? ಚೆಂಡೇ ಬತ್ತದಲ್ಲ," ಅನ್ನುತ್ತಿದ್ದ.

ಆ ವರ್ಷ ರಾಜ್ಯೋತ್ಸವದ ದಿನ ರಸ್ತೆಯಾಚೆಯ ಫ್ಯಾಕ್ಟರಿಯ ಜೊತೆ ಪಂದ್ಯ ಗೊತ್ತಾಯಿತು. ರುದ್ರಣ್ಣ ನನ್ನ ಲೇತಿನ ಹತ್ತಿರ ಬಂದು ಒಂದು ಗುಟ್ಟು ಹೇಳಿದ.

"ಈ ಸಲ ನಮ್ಮನೆಯವಳು ನೋಡಾಕೆ ಬತ್ತಾಳಂತೆ ಕಣೋ."

"ಬರ್ಲಿ ಬಿಡಿ ರುದ್ರಣ್ಣ, ಅದಕ್ಕೇನಂತೆ?"

"ಅದಕ್ಕೇನಂತೆ ಅಂತೀಯಲ್ಲೋ! ಇಷ್ಟ್ ವರ್ಸ ಸಾಯಂಕಾಲ ಎಲ್ಲಾ ನಾನು ಓವರ್‌ಟೈಮು ಮಾಡ್ತೀನಿ ಅಂದ್ಕಂಡಿದ್ಲು. ಈಗ ಗೊತ್ತಾಗೋಗದೆ. ಅದ್ಯಾವ ಆಟಕ್ಕೆ ನನ್ನ ಕಾಯಿಸಿದ್ರೋ ನಾನೂ ಒಂದ್ಸಲ ನೋಡ್ಬೇಕು ಅಂತಾವ್ಳೆ."

ಅವನ ಕಡೆಯ ಪಂದ್ಯ, ಅವಳ ಮೊದಲ ಪಂದ್ಯ. ನಾನು ನಕ್ಕೆ. ಅವನು ನಗಲಿಲ್ಲ.

ತೊಂದರೆ ಏನೆಂದರೆ, ಕ್ಯಾಪ್ಟನ್ ಎಂದು ನನ್ನ ಜಾಗ ಬಿಟ್ಟರೆ ಉಳಿದ ನಾಲ್ಕು ಜಾಗಕ್ಕೆ ಒಂಬತ್ತು ಜನ ಇದ್ದರು. ವೆಲ್ಡಿಂಗಿನವರು ನಮ್ಮವನೊಬ್ಬ ಇರಲಿ ಅಂದರು, ಸ್ಟೋರ್ಸಿನವರು ನಮ್ಮವನೂ ಇರಲಿ ಅಂದರು. ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು ಎಂದು ನಾನೊಂದು ಉಪಾಯ ಹೂಡಿದೆ. ಅಳತೆಗೆ ಸಿಗದ ಯಾವುದನ್ನೂ ನಂಬದ ಜನ ನಾವು. ಆಟಗಾರರನ್ನೂ ಅಳೆದುಬಿಡೋಣ ಎಂದುಕೊಂಡೆ. ಆಫೀಸಿಗೆ ಹೋಗಿ, ಟೈಮ್ ಸ್ಟಡಿ ಮಾಡುವ ಸಾಹೇಬರ ಸ್ಟಾಪ್‌ವಾಚನ್ನು ಬೇಡಿ ತಂದೆ. ಈ ಗೆರೆಯಿಂದ ಆ ಗೆರೆಗೆ ಆರು ಸಲ ಓಡಬೇಕು, ಬೇಗ ಓಡಿದ ನಾಲ್ಕು ಜನ ಆಡಬೇಕು. ಎಷ್ಟು ನ್ಯಾಯ ನೋಡಿ!

ಆ ವಾಚಿನ ವಿಷಯ ಸ್ವಲ್ಪ ಹೇಳಬೇಕು. ಒಂದು ಶಾಫ್ಟ್ ತಿರುವಲು ಎಷ್ಟು ನಿಮಿಷ ಬೇಕು ಎಂದು ಅಳೆಯಲು ಆ ಸಾಹೇಬರು ನಮ್ಮ ಪಕ್ಕ ನಿಲ್ಲುತ್ತಿದ್ದರು. ಅವರ ಎದುರು ಬೇಗ ಮಾಡಿ ತೋರಿಸಿದಿರೋ, ಮಾರನೇ ದಿನದಿಂದ ಇಡೀ ಸೆಕ್ಷನ್ ಅಷ್ಟೇ ಬೇಗ ಮಾಡಬೇಕು. ಹೀಗಾಗಿ ವಾಚು ಬಂತೆಂದರೆ ಎಲ್ಲರಿಗೂ ಶ್ರದ್ಧೆ ಬಂದುಬಿಡುತ್ತಿತ್ತು. ಅಳೆದದ್ದನ್ನೇ ಮತ್ತೆ ಅಳೆಯುವುದು, ಒರೆಸಿದ್ದನ್ನೇ ಒರೆಸುವುದು, ಎಣ್ಣೆ ಸರಿಯಾಗಿ ಬೀಳುತ್ತಿದೆಯೇ ಎಂದು ಬಗ್ಗಿ ನೋಡುವುದು. ನಾಲ್ಕು ನಿಮಿಷದ ಕೆಲಸವನ್ನು ಏಳು ನಿಮಿಷ ಬೆವರು ಸುರಿಸಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಆ ವಿದ್ಯೆ ಕಲಿಸಿದ್ದು ರುದ್ರಣ್ಣನೇ. "ಮಗಾ, ವಾಚು ಬಂದಾಗ ಕೈ ಓಡಬಾರ್ದು. ನೀನೊಬ್ನು ಓಡಿದ್ರೆ ಎಲ್ರೂ ಓಡ್ಬೇಕಾಯ್ತದೆ," ಎಂದಿದ್ದ.

ಇಷ್ಟು ಗೊತ್ತಿದ್ದೂ ಆ ವಾಚನ್ನು ಕೊರಳಿಗೆ ಹಾಕಿಕೊಂಡು ಗೆರೆಯ ಮೇಲೆ ನಿಂತೆ.

ಹುಡುಗರೆಲ್ಲ ಓಡಿದರು. ವಯಸ್ಸು ಚಿಕ್ಕದು, ವಾಚಿನ ಭಯ ಇನ್ನೂ ರಕ್ತಕ್ಕೆ ಇಳಿದಿರಲಿಲ್ಲ. ರುದ್ರಣ್ಣನ ಸರದಿ ಬಂತು. ನನ್ನ ಕೊರಳನ್ನೊಮ್ಮೆ ನೋಡಿದ. ನಾನು ಗುಂಡಿ ಒತ್ತಿದೆ. ಅವನು ಬಗ್ಗಿ ಶೂಸಿನ ಲೇಸನ್ನು ಬಿಗಿ ಮಾಡಿದ. ಆಮೇಲೆ ಹೊರಟ. ಪ್ರತಿ ಗೆರೆಯನ್ನೂ ಕಾಲಲ್ಲಿ ಸರಿಯಾಗಿ ಮುಟ್ಟಿ, ಮುಟ್ಟಿದ್ದು ಹೌದೇ ಎಂದು ನೋಡಿಕೊಂಡು, ಸೊಂಟ ನೇರ ಮಾಡಿಕೊಂಡು ತಿರುಗುತ್ತಿದ್ದ. ವೆಲ್ಡಿಂಗಿನ ಹುಡುಗನೊಬ್ಬ, "ರುದ್ರಣ್ಣಾ, ಪೆನ್ಷನ್ ತಗೊಳಕ್ಕೆ ಹೋಗ್ತಿದ್ದೀರಾ?" ಎಂದು ಕೂಗಿದ. ಎಲ್ಲರೂ ನಕ್ಕರು, ರುದ್ರಣ್ಣನೂ ನಕ್ಕ. ನಾನು ಮುಖ ಬಿಗಿದುಕೊಂಡು ಟೈಮು ಬರೆದುಕೊಂಡೆ. ಒಂಬತ್ತು ಜನರಲ್ಲಿ ಅವನದೇ ಕಡೆ.

ಕ್ಯಾಂಟೀನಿನ ಬೋರ್ಡಿಗೆ ಪಟ್ಟಿ ಅಂಟಿಸಿದೆ. ಕೆಳಗೆ ನನ್ನ ಸಹಿ ಹಾಕಿದ್ದೆ. ಸಹಿ ಹಾಕುವ ಅವಕಾಶ ನನಗೆ ಸಿಗುತ್ತಿದ್ದದ್ದೇ ಅಪರೂಪ, ಆದ್ದರಿಂದ ಸ್ವಲ್ಪ ದೊಡ್ಡದಾಗಿಯೇ ಹಾಕಿದ್ದೆ. ರುದ್ರಣ್ಣ ಓದಿದ. "ನಾನು ಎಕ್ಸ್‌ಟ್ರಾನಾ?" ಎಂದ. "ಬೇಕಾದ್ರೆ ಕರೀತೀವಲ್ಲ ರುದ್ರಣ್ಣ," ಎಂದೆ. "ಆಯ್ತು ಬಿಡಪ್ಪ," ಎಂದು ಟೀ ಲೋಟ ಹಿಡಿದುಕೊಂಡು ಹೋದ.

ಮಾರನೇ ಸಂಜೆ ಇಬ್ಬರೂ ಗೇಟಿನಿಂದ ಹೊರಗೆ ಬಂದೆವು. ಅಷ್ಟರಲ್ಲಿ ಸ್ಟಾಪಿನಲ್ಲಿದ್ದ ಬಸ್ಸು ಹೊರಟುಬಿಟ್ಟಿತು. "ಲೇ, ಬಾರೋ!" ಎಂದು ಕೂಗಿ ರುದ್ರಣ್ಣ ಓಡಿದ. ನಾನೂ ಓಡಿದೆ. ಅವನು ಚರಂಡಿ ದಾಟಿ, ಜಲ್ಲಿ ರಾಶಿ ಬಳಸಿ, ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಫುಟ್‌ಬೋರ್ಡಿಗೆ ಹಾರಿದ. ಅಲ್ಲಿಂದ ನನಗೆ ಕೈ ಬೀಸಿದ. ಇಪ್ಪತ್ತಾರು ವರ್ಷದ ಕ್ಯಾಪ್ಟನ್ನು ಜಲ್ಲಿ ರಾಶಿಯ ಹತ್ತಿರ ಸೊಂಟ ಹಿಡಿದುಕೊಂಡು ನಿಂತಿದ್ದೆ.

ಮರುದಿನ ಕೇಳಿದೆ. "ಮೊನ್ನೆ ಯಾಕೆ ರುದ್ರಣ್ಣ ಹಂಗೆ ನಡೆದ್ರಿ?"

ಅವನಿಗೂ ಸ್ವಲ್ಪ ನಾಚಿಕೆಯಾದ ಹಾಗಿತ್ತು. "ನಾನೇನ್ಲಾ ಮಾಡ್ಲಿ? ಓಡ್ಬೇಕು ಅಂತ್ಲೇ ಬಂದೆ. ವಾಚು ಕಂಡೇಟ್ಗೆ ಕಾಲು ತಾನಾಗೇ ಇಡ್ಕಂಬುಡ್ತು. ಮೂವತ್ತು ವರ್ಸದ ಅಭ್ಯಾಸ. ನೀನೂ ಹೋಗಿ ಹೋಗಿ ಅದನ್ನೇ ತರೋದಾ!"

ಪಟ್ಟಿ ತಿದ್ದಲು ಇನ್ನೂ ಮೂರು ದಿನ ಇತ್ತು. ಒಂದು ಹೆಸರು ಹೊಡೆದು ಇನ್ನೊಂದು ಬರೆದರೆ ಮುಗಿಯುತ್ತಿತ್ತು. ನಾನು ತಿದ್ದಲಿಲ್ಲ. ಸಹಿ ಹಾಕಿದ ಪಟ್ಟಿಯನ್ನು ನಾನೇ ತಿದ್ದಿದರೆ ನಾಳೆ ಯಾರು ನನ್ನ ಮಾತು ಕೇಳುತ್ತಾರೆ ಎಂದು ಹೆದರಿದೆ. ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡೆ.

ರಾಜ್ಯೋತ್ಸವದ ದಿನ ಬಾವುಟ ಏರಿಸಿ ಸಿಹಿ ಹಂಚಿದ ಮೇಲೆ ಆಟ ಶುರುವಾಯಿತು. ರುದ್ರಣ್ಣನ ಹೆಂಡತಿ ಗೌರಮ್ಮ ಬರುವ ಹೊತ್ತಿಗೆ ಎರಡು ಗೇಮ್ ಮುಗಿದು ಸಮಸಮವಾಗಿತ್ತು. ರುದ್ರಣ್ಣ ಬಿಳಿ ಶರಟು ಹಾಕಿ, ಬಿಳಿ ಕ್ಯಾನ್ವಾಸ್ ಶೂಸಿಗೆ ಪಾಲಿಶ್ ಬಳಿದು, ಗೆರೆಯ ಹೊರಗೆ ನಿಂತಿದ್ದ. ಮೂರನೇ ಗೇಮಿನಲ್ಲಿ ನಡುವೆ ನಿಂತಿದ್ದ ನಮ್ಮ ಹುಡುಗ ಕಣ್ಣೆದುರಿನ ಚೆಂಡುಗಳನ್ನು ಬಿಡತೊಡಗಿದ. "ರುದ್ರಣ್ಣನ್ನ ಇಳಿಸೋ ಗುರು!" ಎಂದು ಜನ ಕೂಗಿದರು. ನನಗೆ ಕೇಳಿಸಿತು. ಕೇಳಿಸದವನ ಹಾಗೆ ಸರ್ವ್ ಮಾಡಿದೆ.

ಹೇಗೋ ಎರಡು ಪಾಯಿಂಟಿನಲ್ಲಿ ಗೆದ್ದೆವು. ಸೋತಿದ್ದರೆ ಆವತ್ತೇ ಹೋಗಿ ಅವನ ಕೈ ಹಿಡಿದುಕೊಳ್ಳುತ್ತಿದ್ದೆನೋ ಏನೋ. ಗೆದ್ದದ್ದರಿಂದ ನಾನು ಸರಿ ಎಂದಾಯಿತು.

ಗೌರಮ್ಮ ಗಂಡನನ್ನು ಕೇಳಿದಳು, "ನೀವ್ಯಾವಾಗ ಆಡಾದು?"

"ನನ್ನದು ಮೊದ್ಲೇ ಮುಗೀತು ಕಣೆ. ನೀನು ಬರಾದು ತಡ ಆಯ್ತು," ಎಂದ ರುದ್ರಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಏನಪ್ಪ ಕ್ಯಾಪ್ಟನ್ನು, ಆಡಿದ್ನಲ್ವಾ?" ಎಂದ.

"ಹೂಂ ಅಕ್ಕಾ, ಚೆನ್ನಾಗಿ ಆಡಿದ್ರು," ಎಂದೆ.

ಅವಳು ನಮ್ಮೆಲ್ಲರ ಕಾಲು ನೋಡಿದಳು. ಮಂಡಿಯವರೆಗೆ ಕೆಮ್ಮಣ್ಣು. ಗಂಡನ ಶೂಸು ನೋಡಿದಳು. ಹಾಲಿನ ಹಾಗಿತ್ತು. ಸೆರಗಿನಿಂದ ಅವನ ಮುಖದ ಬೆವರು ಒರೆಸಿದಳು. ಅಲ್ಲಿ ಬೆವರೇ ಇರಲಿಲ್ಲ.

ತಿಂಗಳ ಕೊನೆಯಲ್ಲಿ ಹಾರ ಹಾಕಿ ಅವನನ್ನು ಕಳುಹಿಸಿಕೊಟ್ಟೆವು. ಭಾಷಣ ಮಾಡಿದವನು ನಾನೇ. ಅವನ ಕ್ರೀಡಾ ಮನೋಭಾವದ ಬಗ್ಗೆ ಬಹಳ ಹೊಗಳಿದೆ. ಆ ಮೇಲೆ ನಾನೂ ದಾಸರಹಳ್ಳಿಯಲ್ಲೇ ಮನೆ ಮಾಡಿಕೊಂಡು ಇಷ್ಟು ವರ್ಷ ಇದ್ದರೂ ಅವನ ಬೀದಿಗೆ ಹೋಗಬೇಕೆಂದರೆ ಪ್ರತಿ ಸಲವೂ ಏನಾದರೂ ಕೆಲಸ ಅಡ್ಡ ಬರುತ್ತಿತ್ತು. ಕಷ್ಟಪಟ್ಟು ದುಡಿಯುವವನಿಗೆ ಇದೊಂದು ಅನುಕೂಲ, ಕೆಲಸ ಯಾವತ್ತೂ ಇರುತ್ತದೆ. ಅವನು ತೀರಿಹೋದ ಸುದ್ದಿ ಕೂಡ ನನಗೆ ಹನ್ನೊಂದು ದಿನ ಕಳೆದ ಮೇಲೆ ತಿಳಿಯಿತು.

ಮೊನ್ನೆ ಕಾರ್ತಿಕ್‌ಗೆ ಇದನ್ನೆಲ್ಲ ಹೇಳಲಿಲ್ಲ. "ಮೇಷ್ಟ್ರು ನನ್ನ ಜೊತೆ ಆಡ್ತಾರೆ ಕಣಪ್ಪ," ಎಂದಷ್ಟೇ ಹೇಳಿ ಬರೆದೆ. ನಿಜ ಹೇಳುತ್ತೇನೆ, ಆಗ ನನಗೆ ನನ್ನ ಮೇಲೇ ಬಹಳ ಗೌರವ ಬಂದಿತ್ತು. ಭಾನುವಾರ ಆಡಿದೆವು. ಮೇಷ್ಟ್ರ ಮೇಲೆ ದಯೆ ತೋರಿಸುವ ಭರದಲ್ಲಿ ಅವರ ಚೆಂಡಿಗೂ ನಾನೇ ನುಗ್ಗಿದೆ, ನನ್ನದನ್ನೂ ಬಿಟ್ಟೆ. ಎದುರಿನವರ ಹನ್ನೊಂದಕ್ಕೆ ನಮ್ಮದು ಮೂರೇ ಪಾಯಿಂಟು. ಆ ಮೂರೂ ಮೇಷ್ಟ್ರವು, ನಿಂತಲ್ಲೇ ನಿಂತು ಹೊಡೆದವು.

ನೀರು ಕುಡಿಯುತ್ತಾ ಮೇಷ್ಟ್ರು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. "ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ವಾರ ನನಗೆ ಬೇರೆ ಜೋಡಿ ಕೊಡಿ. ನನ್ನ ಚೆಂಡಿಗೆ ನುಗ್ಗಿ ನುಗ್ಗಿ ನಿಮ್ಮ ಕಾಲು ನಿಂತೋಗಿದೆ."

ಹುಡುಗರು ನಕ್ಕರು. ನನ್ನ ಬಾಯಿಗೆ ಉತ್ತರ ಬಂದೇ ಬಂತು. ಶೆಡ್ಡು ಯಾರದು ಎಂಬುದರಿಂದಲೇ ಶುರುವಾಗುತ್ತಿತ್ತು ಅದು. ನುಂಗಿಕೊಂಡೆ. ಬೆಂಚಿನ ಮೇಲಿದ್ದ ಪಟ್ಟಿ ತೆಗೆದುಕೊಂಡು, ಮುಂದಿನ ವಾರಕ್ಕೆ ಮೇಷ್ಟ್ರ ಪಕ್ಕ ಕಾರ್ತಿಕ್‌ನ ಹೆಸರು ಬರೆದೆ. ಕೆಳಗೆ ನನ್ನ ಹೆಸರು ಬರೆದು, ಅದರ ಮುಂದೆ ಏನು ಬರೆಯಬೇಕೋ ಅದನ್ನೂ ಬರೆದೆ. ಸಹಿ ಹಾಕಲಿಲ್ಲ. ಯಾರಿಗಾದರೂ ತಿದ್ದಬೇಕು ಅನ್ನಿಸಿದರೆ ತಿದ್ದಲಿ ಎಂದು ಪೆನ್ನನ್ನು ಅಲ್ಲೇ ಬಿಟ್ಟು, ಗೋಡೆಯ ಪಕ್ಕ ಹೋಗಿ ಕೂತು, ಅವರು ಆಡುವುದನ್ನು ನೋಡತೊಡಗಿದೆ. ಹೊರಗೆ ಕೂತು ನೋಡುವವನಿಗೆ ಒಂದು ಗೇಮ್ ಎಷ್ಟು ಉದ್ದ ಎಂಬುದು ನನಗೆ ಗೊತ್ತಿರಲಿಲ್ಲ.