ಅಕ್ಕ ನನ್ನ ಬದಲು ಗದ್ದೆಗಿಳಿದ ಮಳೆಗಾಲ

ಬೆಳಗೋಡಿನ ಹತ್ತಿರದ ಅಕ್ಕನ ಮನೆಗೆ ಆ ವರ್ಷ ನಾನು ಹೋದದ್ದು ನೆಂಟನಾಗಿ ಅಲ್ಲ, ಆಳಾಗಿ. ಬಾವ ಕಾಫಿತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ನಾಟಿ ಹತ್ತಿರವಾಗುತ್ತಿತ್ತು. ನನಗೆ ವಿಶ್ವವಿದ್ಯಾಲಯದ ರಜೆ. "ನಾನು ಬರ್ತೀನಿ, ಗದ್ದೆ ಕೆಲಸ ನನಗೆ ಬಿಡಿ" ಎಂದು ನಾನೇ ಹೇಳಿದ್ದೆ. ಇಷ್ಟು ಮಾತ್ರ ನನಗೆ ಖಚಿತವಾಗಿ ನೆನಪಿದೆ. ಮುಂದಿನದನ್ನು ನೆನಪಿರುವ ಹಾಗೆ ಬರೆಯುತ್ತೇನೆ. ನನ್ನ ನೆನಪು ನನ್ನ ಪರವಾಗಿ ಸುಳ್ಳು ಹೇಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಗೊಬ್ಬರ ತರುವ ಜೀಪಿನಲ್ಲಿ ಕಂಬಳಿ ಸುತ್ತಿದ ಒಂದು ಕಂಪ್ಯೂಟರ್ ಕೂಡ ನನ್ನ ಜೊತೆ ಬಂತು. ಎಂ.ಟೆಕ್ ಪ್ರಾಜೆಕ್ಟಿಗೆ ನಾವು ಕೆಲವರು ಸೇರಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೆವು. ಅದರಲ್ಲಿ ಡೈನಾಮಿಕ್ ಲಿಂಕರ್ ನನ್ನ ಪಾಲಿನದು. ಪ್ರೋಗ್ರಾಮುಗಳು ಸಾಮಾನ್ಯ ಕೆಲಸಗಳನ್ನೆಲ್ಲ ತಾವೇ ಹೊತ್ತು ತರುವುದಿಲ್ಲ. ಅಕ್ಷರಗಳನ್ನು ನಕಲು ಮಾಡುವುದು, ಎರಡು ಹೆಸರು ಒಂದೇನಾ ಎಂದು ನೋಡುವುದು, ಒಂದಷ್ಟು ಜಾಗವನ್ನು ಸೊನ್ನೆಯಿಂದ ತುಂಬುವುದು, ಇವೆಲ್ಲ ಎಲ್ಲರಿಗೂ ಸೇರಿದ ಒಂದು ಲೈಬ್ರರಿಯಲ್ಲಿರುತ್ತವೆ. ಪ್ರೋಗ್ರಾಮು ಶುರುವಾಗುವಾಗ ಆ ಲೈಬ್ರರಿಯನ್ನು ಕರೆತಂದು ಜೋಡಿಸುವುದು ಲಿಂಕರ್. ಆದರೆ ಲಿಂಕರ್ ಏಳುವ ಹೊತ್ತಿಗೆ ಲೈಬ್ರರಿ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಅದಕ್ಕೆ ಬೇಕಾದ ನಾಲ್ಕಾರು ಸಣ್ಣ ಫಂಕ್ಷನ್ನುಗಳನ್ನು ಅದರೊಳಗೇ ಬರೆದಿಡಬೇಕು. ಯಾರ ಹಂಗೂ ಇಲ್ಲದ ಪ್ರೋಗ್ರಾಮು ಎಂದು ನನಗೆ ಅದರ ಮೇಲೆ ಒಂದು ಬಗೆಯ ಅಭಿಮಾನವಿತ್ತು.

ಅದು ಓಡುತ್ತಿರಲಿಲ್ಲ. ಶುರುಮಾಡಿದ ಕೂಡಲೇ ಪರದೆಯ ಮೇಲೆ ಒಂದಕ್ಷರವೂ ಬರದೆ ಸತ್ತುಹೋಗುತ್ತಿತ್ತು. ಕರೆಂಟು ಇದ್ದಷ್ಟು ಹೊತ್ತು ಅದರ ಮುಂದೆ ಕೂರುತ್ತಿದ್ದೆ. ಕರೆಂಟು ಹೋದರೆ ಕೋಡಿನ ಪ್ರಿಂಟು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದೆ.

ಊರಿನಲ್ಲಿ ಅಷ್ಟರಲ್ಲಿ ಮುಯ್ಯಿ ಶುರುವಾಗಿತ್ತು. ಅಲ್ಲಿ ನಾಟಿಗೆ ಕೂಲಿಯವರನ್ನು ಕರೆಯುತ್ತಿದ್ದುದು ಕಡಿಮೆ. ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಗಂಡಾಳಿಗೆ ಗಂಡಾಳು, ಹೆಣ್ಣಾಳಿಗೆ ಹೆಣ್ಣಾಳು. ಅಕ್ಕನ ಮನೆಗೆ ಹೀಗೆ ಮೂರು ಮನೆಯವರ ಜೊತೆ ಮುಯ್ಯಿ. ಗಂಡಸರು ಗದ್ದೆಯಂಚಿನ ಮಣ್ಣಿನ ಏರಿಯನ್ನು, ಎಂದರೆ ಬದವನ್ನು, ಕಡಿದು ಕೆಸರು ಮಟ್ಟ ಮಾಡಿಕೊಡಬೇಕು, ಹೆಂಗಸರು ಸಸಿ ನೆಡಬೇಕು. ಕಳಿಸದ ಮನೆಗೆ ಯಾರೂ ಬರುವುದಿಲ್ಲ. ಯಾರೂ ಬರದಿದ್ದರೆ ಸಸಿ ಮಡಿಯಲ್ಲೇ ಬಲಿತು ಗಂಟು ಕಟ್ಟುತ್ತದೆ, ಆ ವರ್ಷದ ಅನ್ನಕ್ಕೆ ಕುತ್ತು ಬರುತ್ತದೆ.

ಆ ದಿನಗಳಲ್ಲಿ ಮುಯ್ಯಿಗೆ ಹೋಗು ಎಂದು ನನಗೆ ಯಾರೂ ಹೇಳಲಿಲ್ಲ ಎಂದೇ ನನ್ನ ನೆನಪು. ದಿನಾ ಬೆಳಿಗ್ಗೆ ರೊಟ್ಟಿ ತಂದಿಟ್ಟು ಹೇಳಿದೆ ಎನ್ನುತ್ತಾಳೆ ಅಕ್ಕ. ರೊಟ್ಟಿ ನನಗೆ ನೆನಪಿದೆ. ಜೊತೆಗಿದ್ದ ಕಾಯಿಚಟ್ನಿಯೂ ನೆನಪಿದೆ. ಮಾತು ನೆನಪಿಲ್ಲ. "ಇದೊಂದು ಫಂಕ್ಷನ್ ಮುಗಿಸಿ ಬರ್ತೀನಿ ಕಣೇ" ಎಂದು ನಾನು ಹೇಳುತ್ತಿದ್ದೆನಂತೆ. ಅದು ನನ್ನದೇ ಮಾತಿನ ಹಾಗೆ ಕೇಳಿಸುತ್ತದೆ, ಆದ್ದರಿಂದ ನಿಜವಿರಬೇಕು.

ನಮ್ಮ ಗದ್ದೆಯ ಸರದಿಯ ಹಿಂದಿನ ಸಂಜೆ ತಪ್ಪು ಸಿಕ್ಕಿತು. ಒಂದು ಪಟ್ಟಿಯ ಜಾಗವೆಲ್ಲ ಸೊನ್ನೆಯಾಗಿರಲಿ ಎಂದು ನಾನು ಒಂದೇ ಸಾಲು ಬರೆದಿದ್ದೆ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ನನಗೆ ಹೇಳದೆ ಆ ಸಾಲನ್ನು ಮೆಮ್‌ಸೆಟ್ ಎಂಬ ಫಂಕ್ಷನ್ನಿಗೆ ಕರೆಯಾಗಿ ಮಾಡಿಬಿಟ್ಟಿತ್ತು. ಆ ಫಂಕ್ಷನ್ ಇರುವುದು ಇನ್ನೂ ಬಾರದ ಲೈಬ್ರರಿಯಲ್ಲಿ. ನಾನೇ ಒಂದು ಮೆಮ್‌ಸೆಟ್ ಬರೆದು ಒಳಗೆ ಸೇರಿಸಿದೆ. ನಾಲ್ಕು ಸಾಲು. ಲಿಂಕರ್ ಎದ್ದು ನಿಂತಿತು.

ಊಟಕ್ಕೆ ಕೂತಾಗ ಇದನ್ನೆಲ್ಲ ವಿವರಿಸಿದೆ. ಬಾವ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕೇಳಿದರು.

"ಅಂದ್ರೆ, ಇನ್ನು ಯಾರ ಸಹಾಯನೂ ಬ್ಯಾಡ ಅದ್ಕೆ?"

"ಬೇಡ ಬಾವ."

"ಹಂಗಾದ್ರೆ ನಾಳೆ ಗದ್ದೆಗೆ ಅದನ್ನೇ ಇಳಿಸ್ಬುಡಾಣ."

ನಾನು ನಕ್ಕೆ. ಅಕ್ಕ ನಗಲಿಲ್ಲ, ಸಾರು ಬಡಿಸಿದಳು.

ಬೆಳಿಗ್ಗೆ ಹೆಂಗಸರು ಬಂದರು. ಅವರೆಲ್ಲರ ಗದ್ದೆಗೂ ಅಕ್ಕ ಹೋಗಿ ಬಂದಿದ್ದಳಲ್ಲ. ಮಡಿಯಿಂದ ಸಸಿ ಕಿತ್ತು ಕಟ್ಟು ಕಟ್ಟಿ ಗದ್ದೆಯ ಬದಿಗೆ ತಂದರು. ಗಂಡಸರು ಬರಲಿಲ್ಲ. ಒಂದು ಸಲ ಉಳುಮೆಯಾಗಿದ್ದ ಗದ್ದೆ ಹೆಂಟೆಹೆಂಟೆಯಾಗಿ ಬಿದ್ದಿತ್ತು, ಬದ ಹುಲ್ಲು ಮುಚ್ಚಿಕೊಂಡಿತ್ತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಒಬ್ಬ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿ ನೆಡಾದು ಮಗಾ? ನಿನ್ ಟೀವಿ ಮೇಲೆ ನೆಡಾಣ್ವಾ?"

ಹೆಂಗಸರೆಲ್ಲ ನಕ್ಕರು. ಅಕ್ಕ ಸಸಿಯ ಕಟ್ಟುಗಳನ್ನು ಅಲ್ಲಿಂದಿಲ್ಲಿಗೆ ಸುಮ್ಮನೆ ಸರಿಸುತ್ತಿದ್ದಳು.

ನಾನು ಆಚೆಮನೆಗೆ ಓಡಿದೆ. ಆ ಮನೆಯ ಯಜಮಾನನನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಮುಯ್ಯಿಯ ಸರದಿಯನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಹೊರಟಿದ್ದ.

"ಅಣ್ಣ, ಇವತ್ತು ನಮ್ಮ ಗದ್ದೆ."

"ಹೂಂ. ನಮ್ ಗದ್ದೆಗೆ ನಿಮ್ಮನೆ ಗಂಡಾಳು ಬಂದಿತ್ತಾ?"

ನಾನು ಕಾಲಿಗೆ ಅಂಟಿದ ಕೆಸರನ್ನು ಅಂಗಳದ ಕಲ್ಲಿಗೆ ಒರೆಸಿದೆ.

"ನಿಮ್ಮಕ್ಕ ಬಂದಿದ್ಲು ಕಣೋ. ಹೊತ್ತು ಮೂಡೋಕ್ ಮುಂಚೆ ಬಂದು ಗುದ್ದಲಿ ಹಿಡ್ಕಂಡು ಬದ ಕಡಿಯೋಕೆ ಇಳಿದ್ಬುಟ್ಲು. ತಮ್ಮಂಗೆ ಹುಷಾರಿಲ್ಲ, ಅವನ ಬದ್ಲು ನಾನು ಅಂತ. ಮೂರ್ ಮನೇಲೂ ಇದೇ ಕಥೆ. ಹೆಂಗ್ಸು ಅದೂ ಮಾಡಿ, ಆಮೇಲೆ ನಾಟಿಗೂ ನಿಂತ್ರೆ ನಮ್ ಕಣ್ಣು ಏನಾಗ್ಬೇಕು? ಗುದ್ದಲಿ ಬುಟ್ಟು ಮೇಲೆ ಹತ್ತು ತಾಯಿ ಅಂದೆ." ನನ್ನ ಮುಖವನ್ನೊಮ್ಮೆ ನೋಡಿದ. "ಏನಾಗಿತ್ತು ನಿಂಗೆ? ಜ್ವರವಾ?"

ಹೌದು ಎಂದೆ. ಅಕ್ಕ ಹೇಳಿದ ಸುಳ್ಳನ್ನು ನಾನು ಒಡೆಯಬಾರದು ಎಂಬುದು ಆಗ ನಾನು ಕೊಟ್ಟುಕೊಂಡ ಕಾರಣ. ಇನ್ನೊಂದು ಕಾರಣ ಏನೆಂದು ಓದುವವರಿಗೆ ಗೊತ್ತಾಗುತ್ತದೆ.

ಆ ದಿನ ಗಂಡಸರು ಆ ಮೂರರಲ್ಲೇ ಒಂದು ಮನೆಯ ಉಳಿದ ಗದ್ದೆಗೆ ಒಪ್ಪಿಕೊಂಡಿದ್ದರು. ಸಿದ್ಧವಿಲ್ಲದ ಗದ್ದೆಯ ಮುಂದೆ ಕೂತರೆ ಹೆಂಗಸರ ದಿನವೂ ಹಾಳು ಎಂದು ಅಕ್ಕ ಅವರನ್ನು ಅಲ್ಲಿಗೇ ಕಳಿಸಿದಳು. ಕಿತ್ತ ಸಸಿಯ ಬುಡವನ್ನು ಕಾಲುವೆಯ ನೀರಿಗೆ ಇಟ್ಟು ಮೇಲೆ ಕೆಸುವಿನೆಲೆ ಮುಚ್ಚಿದಳು. ನಾನು ಗುದ್ದಲಿ ತೆಗೆದುಕೊಂಡು ಗಂಡಸರ ಹಿಂದೆ ಹೋದೆ.

ನಾನು ಕಡಿದ ಬದ ಮಧ್ಯಾಹ್ನಕ್ಕೆ ಒಡೆದು, ಮೇಲಿನ ಗದ್ದೆಯ ನೀರೆಲ್ಲ ಕೆಳಕ್ಕೆ ಹೋಯಿತು. ಆಗಷ್ಟೇ ನೆಟ್ಟಿದ್ದ ಎರಡು ಸಾಲು ಸಸಿ ತೇಲಿತು. ಅಣ್ಣ ಬಂದು ಹುಲ್ಲಿನ ಹೆಂಟೆಯಿಟ್ಟು ತುಳಿದು ಸರಿಮಾಡಿದ. ಸಂಜೆ ಕೈಕಾಲು ತೊಳೆಯುವಾಗ ಯಾರ ಮನೆಯಿಂದ ಎಷ್ಟು ಆಳು ಎಂದು ಅವನು ಬಾಯಲ್ಲೇ ಎಣಿಸಿದ. ನಮ್ಮ ಮನೆಯದು ಒಂದು ಗಂಡಾಳು ಎಂದ.

"ಅರ್ಧ ಅನ್ನಿ ಅಣ್ಣ" ಎಂದೆ.

"ಮುಯ್ಯೀಲಿ ಅರ್ಧಾಳು ಇಲ್ಲ ಮಾರಾಯ. ನಡಿ ನಡಿ."

ಆ ವಾರವೆಲ್ಲ ಮೂರೂ ಮನೆಯ ಉಳಿದ ಗದ್ದೆಗಳಿಗೆ ಹೋದೆ. ಆಮೇಲೆ ಅವರು ಬಂದರು, ನಮ್ಮ ಗದ್ದೆ ನಾಟಿಯಾಯಿತು. ತಡವಾಗಿದ್ದ ಸಸಿ ಬುಡದಿಂದ ಸರಿಯಾಗಿ ಮರಿ ತೆಂಡೆ ಒಡೆಯಲಿಲ್ಲ, ಭತ್ತ ಕಡಿಮೆ ಬಂತು. ಆದರೂ ಅರ್ಧಾಳು ಇಲ್ಲ ಎಂಬ ಅಣ್ಣನ ಮಾತನ್ನು ನಾನು ಎಷ್ಟೋ ಕಡೆ ಹೇಳಿಕೊಂಡು ತಿರುಗಿದ್ದೇನೆ. ಪಾಠ ಮಾಡುವಾಗ, ಸ್ನೇಹಿತರ ನಡುವೆ ಹೇಳಿದ್ದೇನೆ. ಹೇಗೆ ದುಡಿದರೂ ಮನುಷ್ಯನನ್ನು ಪೂರ್ತಿಯಾಗಿ ಎಣಿಸುವ ಊರು ಎಂದು. ಹೇಳುವಾಗ ನನ್ನ ನಾಚಿಕೆಯೂ ನೋಡಲು ಚೆನ್ನಾಗಿರುವ ಒಂದು ವಸ್ತುವಾಗಿಬಿಡುತ್ತಿತ್ತು.

ಇದನ್ನು ಬರೆಯಲು ಕೂತಾಗ ಅನುಮಾನ ಬಂದು ಅಕ್ಕನಿಗೆ ಫೋನ್ ಮಾಡಿದೆ. ಅಣ್ಣ ಹಾಗೆ ಹೇಳಿದ್ದು ನಿಜವಾ ಎಂದು ಕೇಳಿದೆ.

"ಹೇಳಿರ್ತಾನೆ. ನೀನು ಎದುರಿಗೆ ನಿಂತಿದ್ದೆ, ಇನ್ನೇನ್ ಅಂತಾನೆ? ನಿಂದು ಯಾವ್ದೂ ಲೆಕ್ಕಕ್ಕೆ ಬರ್ಲಿಲ್ಲ ಕಣೋ. ಮೂರ್ ಮನೆ ಗದ್ದೆಗೂ ಮಾರನೆ ವರ್ಷ ನಿಮ್ ಬಾವ ಎರಡೆರಡು ಸಲ ಹೋಗಿ ತೀರಿಸ್ಕೊಟ್ರು."

"ಅವರ ಕಾಲು?"

"ಕಾಲು ಕೆಸರಲ್ಲಿ ಊರೋಕೆ ಆಗ್ತಿರ್ಲಿಲ್ಲ. ಸಂಜೆ ಬಂದು ಬಿಸಿನೀರಲ್ಲಿ ಇಟ್ಕಂಡು ಕೂತಿರೋರು."

"ನನಗೆ ಯಾಕೆ ಹೇಳಲಿಲ್ಲ?"

"ಅವ್ರೇ ಬ್ಯಾಡ ಅಂದ್ರು. ಓದೋ ಹುಡ್ಗ, ಮನಸ್ಸಿಗೆ ಹಚ್ಕಂತಾನೆ ಅಂತ. ತಡಿ, ಇಲ್ಲೇ ಅವ್ರೆ, ಕೊಡ್ತೀನಿ."

ಫೋನು ಕೈ ಬದಲಾಯಿತು. "ಏನಪ್ಪ, ಹೆಂಗಿದೀಯ? ನಿಮ್ ಕಡೆ ಮಳೆ ಐತಾ?" ಎಂದರು ಬಾವ.

ಐತೆ ಬಾವ, ಎಂದೆ. ಬಿಸಿಲು ಕಾಯುತ್ತಿತ್ತು. ಕಾಲಿನ ವಿಷಯ ಕೇಳಬೇಕೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದೆ. ಅವರು "ಹಲೋ, ಹಲೋ" ಎಂದು ಎರಡು ಸಲ ಕೂಗಿ, ಸಿಗ್ನಲ್ ಇಲ್ಲ ಎಂದು ಅಕ್ಕನಿಗೆ ಹೇಳಿ ಇಟ್ಟರು.